ಎದ್ದು ಹೋದವರನ್ನು ಕರೆಯುವ ಬಾಗಿಲಕ್ಕ

ಬಟ್ಟೆ ಅಂಗಡಿಯಲ್ಲಿ ಅವಳ ಜಾಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರಲಿಲ್ಲ, ಕಪಾಟುಗಳ ಮುಂದೆಯೂ ಇರಲಿಲ್ಲ. ಅವಳು ನಿಲ್ಲುತ್ತಿದ್ದುದು ಬಾಗಿಲಲ್ಲಿ. ಹತ್ತು ಥಾನು ಬಟ್ಟೆ ಬಿಚ್ಚಿಸಿ, ಒಂದು ಮೊಳವನ್ನೂ ಕೊಳ್ಳದೆ, ‘ಆಮೇಲೆ ಬರ್ತೀವಿ’ ಎಂದು ಎದ್ದು ಹೋಗುವವರನ್ನು ಹೊಸ್ತಿಲು ದಾಟುವ ಮೊದಲು ಕರೆಯುವುದು ಅವಳ ಕೆಲಸ. ಸಿಕ್ಕಸಿಕ್ಕವರನ್ನೆಲ್ಲ ಕರೆಯುತ್ತಿರಲಿಲ್ಲ. ಹಿಮ್ಮಡಿ ನೋಡಿಯೇ ಆಳನ್ನು ಅಳೆಯುತ್ತಿದ್ದಳು. ಬಿರಬಿರನೆ ಹೋಗುವವರಿಗೆ ನಿಜವಾಗಿಯೂ ಬೇಡ, ಬಿಟ್ಟುಬಿಡಬೇಕು. ನಿಧಾನವಾಗಿ ನಡೆದು, ಛತ್ರಿ ಹುಡುಕುವ ನೆಪ ಮಾಡುವವರು ಬೆಲೆ ಇಳಿಯಲಿ ಎಂದು ಕಾಯುತ್ತಿದ್ದಾರೆ, ಅವರನ್ನು ಕರೆದರೆ ಕೆಟ್ಟಹಾಗೆ. ಬಾಗಿಲ ತನಕ ಹೋಗಿ ಬಟ್ಟೆಯ ಕಡೆಗೊಮ್ಮೆ ತಿರುಗಿ ನೋಡುವವರ ಹೊಟ್ಟೆಯಲ್ಲಿ ಮಾತ್ರ ಏನೋ ಒಂದು ಅನುಮಾನ ಉಳಿದಿರುತ್ತದೆ. ಬಣ್ಣ ಬಿಡುತ್ತದೋ, ಒಗೆದರೆ ಕುಗ್ಗುತ್ತದೋ. ಅದೊಂದನ್ನು ತೀರಿಸಿದರೆ ಗಿರಾಕಿ ತಾನಾಗಿ ಬಂದು ಕೂರುತ್ತಾನೆ. ಹೀಗೆ ಅವಳಿಗೆ ಬಾಗಿಲಕ್ಕ ಎಂಬ ಹೆಸರು ಅಂಟಿತು. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳ ಪಾಲಾಯಿತು.

ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಬಾಗಿಲಕ್ಕ ತಮ್ಮನ ಮನೆ ಸೇರಿದಳು. ತಮ್ಮ ಮಕ್ಕಳ ಶೂ ಹೊಲಿಯುವವನು. ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಶೂಗೆ ಆಕಾರ ಕೊಡುವ ಮರದ ಪಾದಗಳು ತುಂಬಿದ ಗೂಡುಗಳು, ಅಂಟಿನ ವಾಸನೆ. ಮುಗಿದ ಶೂ ಒಂದೊಂದನ್ನೂ ಮಗುಚಿ ಹಿಡಿದು, ಅಡಿಯಲ್ಲಿ ಚಿಕ್ಕದೊಂದು ಎಲೆಯ ಗುರುತು ಒತ್ತುತ್ತಿದ್ದ. ಆ ಹಿತ್ತಾಳೆಯ ಅಚ್ಚು ಅವರಪ್ಪ ಕೊಟ್ಟು ಹೋದದ್ದು. ಎಲೆ ಬಿದ್ದ ಶೂ ಹೊಲಿಗೆ ಬಿಡುವುದಿಲ್ಲ ಎಂಬ ಮಾತು ಜನರಲ್ಲಿ ನೆಲೆಯೂರಿತ್ತು.

ಮಾಳಿಗೆಯ ಕೋಣೆಯಲ್ಲಿ ತಮ್ಮನ ಮಗಳು ಅದೇ ಶೂಗಳ ಆನ್‌ಲೈನ್ ಅಂಗಡಿ ಇಟ್ಟಿದ್ದಳು. ಒಂದು ಕಿಟಕಿ, ಒಂದು ಕಂಪ್ಯೂಟರ್, ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆ. ಬಾಗಿಲಕ್ಕ ಕೆಲಸವಿಲ್ಲದೆ ಮೂಲೆಯಲ್ಲಿ ಕೂತು ಪೆಟ್ಟಿಗೆ ಮಡಚುತ್ತಿದ್ದ ಒಂದು ಬೆಳಗ್ಗೆ ಹುಡುಗಿ ನಿಟ್ಟುಸಿರು ಬಿಟ್ಟಳು.

“ನೂರು ಜನ ಶೂ ಆರಿಸಿ ಬುಟ್ಟಿಗೆ ಹಾಕ್ತಾರೆ ಅತ್ತೆ. ಇಮೇಲ್ ವಿಳಾಸನೂ ಬರೀತಾರೆ. ದುಡ್ಡು ಕೊಡೋ ಪುಟಕ್ಕೆ ಬಂದು, ಎಪ್ಪತ್ತು ಜನ ಎದ್ದು ಹೋಗ್ತಾರೆ.”

“ಅವರನ್ನ ಯಾರು ಕರೀತಾರೆ?”

“ಯಾರೂ ಇಲ್ಲ.”

“ಹಾಗಾದ್ರೆ ನಂಗೊಂದು ಕುರ್ಚಿ ಹಾಕು.”

ಅಲ್ಲಿಂದ ಶುರುವಾಯಿತು. ಕಾಗದವನ್ನು ಒಮ್ಮೆ ಬರೆದಿಟ್ಟರೆ, ಯಾರು ಬುಟ್ಟಿ ಬಿಟ್ಟು ಹೋದರೂ ಹೇಳಿದ ಹೊತ್ತಿಗೆ ಅವರಿಗೆ ಇಮೇಲ್ ಕಳಿಸುವ ಏರ್ಪಾಟು ಕಂಪ್ಯೂಟರಿನಲ್ಲಿಯೇ ಇತ್ತು. ಹೇಳುವವರು ಸರಿಯಾಗಿ ಹೇಳಬೇಕು ಅಷ್ಟೆ. ಬಾಗಿಲಕ್ಕ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕುಟ್ಟುತ್ತ ಕಲಿತಳು. ಕೊಂಡವರಿಗೆ ಕಾಗದ ನಿಲ್ಲಿಸು ಎಂದು ಹೇಳುವುದನ್ನೇ ಮೊದಲ ವಾರ ಮರೆತಿದ್ದಳು. ‘ಶೂ ಬುಟ್ಟಿಯಲ್ಲಿ ನಿಮಗಾಗಿ ಕಾಯುತ್ತಿದೆ’ ಎಂದು ಹೋದ ಕಾಗದಕ್ಕೆ, ‘ತಾಯಿ, ಅದು ನನ್ನ ಮಗನ ಕಾಲಲ್ಲಿ ಇದೆ, ಕೆಸರಲ್ಲಿ ಓಡ್ತಾ ಇದೆ’ ಎಂದು ಒಬ್ಬರು ಉತ್ತರ ಬರೆದರು. ಮನೆಯಲ್ಲಿ ಆ ಮಾತು ಬಹಳ ಕಾಲ ಓಡಿತು.

ಆಮೇಲೆ ಕೈ ಕುದುರಿತು. ಎದ್ದು ಹೋದ ಒಂದು ಗಂಟೆಗೆ ನೆನಪಿನ ಕಾಗದ, ಮರುದಿನ ಇನ್ನೊಂದು, ಅದಕ್ಕೂ ಬಗ್ಗದಿದ್ದರೆ ಮೂರನೆಯದರಲ್ಲಿ ಬೆಲೆ ಇಳಿಸುವ ಕೂಪನ್. ಕಾಗದ ಓದಿದ ಮೇಲೆ ಕೊಂಡವರನ್ನೆಲ್ಲ ಕಂಪ್ಯೂಟರಿನ ಪರದೆ ಅವಳ ಹೆಸರಿಗೆ ಬರೆಯುತ್ತಿತ್ತು. ಅರ್ಧಕ್ಕರ್ಧ ಮಾರಾಟ ಅವಳ ಕಾಗದದ್ದೇ. ಬಾಗಿಲಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟಕ್ಕೆ ಕೂತಾಗಲೂ ಅದೇ ಮಾತು.

“ಅರ್ಧ ಅಂಗಡಿ ನಾನೇ ನಡೆಸ್ತಿದೀನಿ ಕಣೋ.”

“ನಡೆಸಕ್ಕ, ಬೇಡ ಅಂದೋರ್ಯಾರು,” ಎಂದ ತಮ್ಮ ತಲೆ ಎತ್ತದೆ. “ಬೆರಳು ಸವೆಯೋ ಹಾಗೆ ಹೊಲೀತಿದೀನಿ. ಮಾಲೆಲ್ಲ ಹೋಗ್ತಾ ಇದೆ. ಆದ್ರೆ ಕೈಗೆ ಏನೂ ಹತ್ತುತಾ ಇಲ್ಲವಲ್ಲ?”

ಇಷ್ಟು ಹೇಳಿ ಅವನು ಇನ್ನೊಂದು ವಿಷಯ ತೆಗೆದ. ಸಗಟು ವ್ಯಾಪಾರಿಯೊಬ್ಬ ಬಂದಿದ್ದನಂತೆ. ಹೊಲಿದಷ್ಟೂ ಶೂ ತಾನೇ ಕೊಳ್ಳುತ್ತೇನೆ ಎಂದನಂತೆ. ಆದರೆ ಆನ್‌ಲೈನ್ ಅಂಗಡಿ ಮುಚ್ಚಬೇಕು, ಶೂ ಅಡಿಯಲ್ಲಿ ಎಲೆ ಇರಕೂಡದು, ಅವನ ಹೆಸರಿನ ಗುರುತು ಇರಬೇಕು. ದಸರಾ ಹೊತ್ತಿಗೆ ಉತ್ತರ ಬೇಕಂತೆ.

“ಅಪ್ಪನ ಅಚ್ಚು ಏನ್ಮಾಡ್ತೀಯ?” ಎಂದಳು ಬಾಗಿಲಕ್ಕ.

“ಗೂಡಲ್ಲಿ ಇಡ್ತೀನಿ. ಮೂರು ಜನದ ಹೊಟ್ಟೆ ಅಚ್ಚಿಂದ ತುಂಬುತ್ತಾ?”

ಬಾಗಿಲಕ್ಕ ತಟ್ಟೆ ಸರಿಸಿ ಎದ್ದಳು. ಅರ್ಧ ಅಂಗಡಿ ನಡೆಸುವವಳು ಮನೆಯಲ್ಲಿದ್ದೂ ಅಂಗಡಿ ಯಾಕೆ ಮುಚ್ಚಬೇಕು? ಎಲ್ಲೋ ಮಡಕೆಗೆ ತೂತು ಬಿದ್ದಿದೆ ಎಂದುಕೊಂಡು ಅವಳು ಮಾರನೆಯ ದಿನ ಪರದೆಯ ಮುಂದೆ ಕೂತಳು. ಒಟ್ಟು ಮೊತ್ತ ಬಿಟ್ಟು ಒಬ್ಬೊಬ್ಬರನ್ನೇ ನೋಡಿದಳು. ಅವಳಿ ಮಕ್ಕಳಿಗೆ ಶೂ ತೆಗೆದುಕೊಳ್ಳುವ ಟೀಚರಮ್ಮ ಒಬ್ಬರಿದ್ದರು. ಹಳೆಯ ಗಿರಾಕಿ. ಮೊದಲೆಲ್ಲ ಆರಿಸಿದ ತಕ್ಷಣ ದುಡ್ಡು ಕೊಡುತ್ತಿದ್ದವರು, ಈಚೆಗೆ ಪ್ರತಿ ಸಲವೂ ಬುಟ್ಟಿ ತುಂಬಿಸಿ ಹೋಗಿಬಿಡುತ್ತಿದ್ದರು. ಮೂರನೆಯ ಕಾಗದ ಬಂದ ಮೇಲೆ ಕೊಳ್ಳುತ್ತಿದ್ದರು. ಬಾಗಿಲಕ್ಕ ಫೋನು ಮಾಡಿದಳು.

“ಮೇಡಂ, ಶೂ ಅಂಗಡಿಯಿಂದ. ದುಡ್ಡು ಕೊಡೋ ಪುಟದಲ್ಲಿ ಏನಾದ್ರೂ ತೊಂದರೆ ಆಗ್ತಿದೆಯಾ? ಪ್ರತಿ ಸಲ ಅಲ್ಲೇ ನಿಂತುಬಿಡ್ತೀರಿ.”

ಆ ಕಡೆಯಿಂದ ನಗು ಕೇಳಿಸಿತು. “ತೊಂದರೆ ಏನಿಲ್ಲ ಅಮ್ಮ. ಸುಮ್ನೆ ಎರಡು ದಿನ ಬಿಟ್ರೆ ನೀವೇ ಕಡಿಮೆ ಮಾಡ್ತೀರಲ್ಲ. ನಮ್ಮ ಸ್ಟಾಫ್ ರೂಮಲ್ಲಿ ಎಲ್ಲರಿಗೂ ಗೊತ್ತು.”

“ಯಾರು ಕಲಿಸಿದ್ರು ಇದನ್ನ?”

“ನೀವೇ. ನಿಮ್ಮ ಕಾಗದನೇ.”

ಬಾಗಿಲಕ್ಕ ಫೋನಿಟ್ಟಳು. ಛತ್ರಿ ಹುಡುಕುವ ನೆಪದವರು! ಬಟ್ಟೆ ಅಂಗಡಿಯಲ್ಲಿ ಅಂಥವರಲ್ಲಿ ಒಬ್ಬರನ್ನೂ ಕರೆಯದವಳು, ಇಲ್ಲಿ ಹಿಮ್ಮಡಿ ಕಾಣದ್ದರಿಂದ ಎಲ್ಲರನ್ನೂ ಕೂಗಿ ಕೂಗಿ ಕರೆದಿದ್ದಳು. ನೆಟ್ಟಗೆ ಬರುತ್ತಿದ್ದವರಿಗೂ ಅಡ್ಡದಾರಿ ತೋರಿಸಿದ್ದಳು.

ತಮ್ಮನ ಮಗಳು ಎಲ್ಲ ಕೇಳಿ ಬೆಚ್ಚಿದಳು. “ಅಂದ್ರೆ ಕೂಪನ್ ನಿಲ್ಲಿಸೋಣವಾ?”

“ನಿಲ್ಲಿಸೋಣ. ಆದ್ರೆ ಅದಕ್ಕೆ ಮುಂಚೆ ಒಂದು ತಿಳೀಬೇಕು. ನನ್ನ ಕೋಳಿ ಕೂಗಿದ್ರೇ ಊರಿಗೆ ಬೆಳಗಾಗೋದು ಅಂತ ಒಬ್ಬಳು ಮುದುಕಿ ಅಂದಿದ್ಲಂತೆ. ನನ್ನ ಕಾಗದನೂ ಹಾಗೇನೋ ಏನೋ. ಒಂದಷ್ಟು ಜನಕ್ಕೆ ಕೋಳೀನ ಬಚ್ಚಿಟ್ಟು ನೋಡೋಣ.”

“ಅಯ್ಯೋ ಅತ್ತೆ, ಬಂದ ಗಿರಾಕಿನ ಕರೀದೇ ಬಿಡೋದಾ? ಶಾಲೆ ಶುರುವಾಗೋ ಕಾಲ ಇದು.”

“ಬಿಡದೆ ಹೇಗೆ ಗೊತ್ತಾಗುತ್ತೆ? ಉಪ್ಪು ಹಾಕದೆ ಒಂದು ಚಮಚ ತೆಗೆದಿಟ್ಟು ನೋಡಿದ್ರೆ ತಾನೇ ಉಪ್ಪಿನ ಬೆಲೆ ತಿಳಿಯೋದು?”

ಎದ್ದು ಹೋದವರನ್ನು ಕಂಪ್ಯೂಟರೇ ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿತು. ಇಂಥವರು ಇಲ್ಲಿ, ಅಂಥವರು ಅಲ್ಲಿ ಎಂದು ಆರಿಸುವ ಅಧಿಕಾರವನ್ನು ಬಾಗಿಲಕ್ಕ ತನಗೂ ಕೊಟ್ಟುಕೊಳ್ಳಲಿಲ್ಲ. ತನ್ನ ಕೈ ತನ್ನ ಕಡೆಗೇ ವಾಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಪಾಲಿಗೆ ಹಳೆಯ ಮೂರು ಕಾಗದ, ಕೂಪನ್ ಸಹಿತ. ಒಂದು ಪಾಲಿಗೆ ಏನೂ ಇಲ್ಲ. ಉಳಿದ ಪಾಲಿಗೆ ಹೊಸದೊಂದೇ ಕಾಗದ. ಅದನ್ನು ಬರೆಯುವ ಮುನ್ನ ಅವಳು ಕೆಳಗಿಳಿದು ತಮ್ಮನ ಎದುರು ಕೂತಳು.

“ಶೂ ವಾಪಸ್ ಬಂದ್ರೆ ಯಾಕಂತ ಬರ್ತಾವೆ?”

“ಇನ್ಯಾಕೆ? ಅಳತೆ. ದೊಡ್ಡದಾಯ್ತು, ಚಿಕ್ಕದಾಯ್ತು. ಮಗು ಕಾಲು ನೋಡ್ದೆ ನಂಬರ್ ಊಹೆ ಮಾಡ್ತಾರೆ.”

ಬಾಗಿಲಲ್ಲಿ ತಿರುಗಿ ನೋಡುವವರ ಅನುಮಾನ ಅದೇ ಇರಬೇಕು. ಅವಳು ಮಾಳಿಗೆ ಹತ್ತಿ ಬರೆದಳು: ‘ಅಳತೆಯ ಅನುಮಾನವೇ? ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಎಷ್ಟು ಸೆಂಟಿಮೀಟರ್ ಎಂದು ನಮಗೆ ಬರೆಯಿರಿ. ಹೊಲಿಯುವವರನ್ನೇ ಕೇಳಿ ನಂಬರ್ ಹೇಳುತ್ತೇವೆ.’ ಬೆಲೆಯ ಮಾತು ಒಂದಕ್ಷರವೂ ಇಲ್ಲ.

ಉತ್ತರಗಳು ಬಂದವು. ಬಣ್ಣದ ಪೆನ್ಸಿಲಿನಲ್ಲಿ ಎಳೆದ ಪಾದಗಳ ಚಿತ್ರವನ್ನೂ ಕೆಲವರು ಕಳಿಸಿದರು. ಬಾಗಿಲಕ್ಕ ಮೆಟ್ಟಿಲ ಮೇಲಿಂದ ಕೂಗುವುದು, ತಮ್ಮ ಯಂತ್ರ ನಿಲ್ಲಿಸಿ ನಂಬರ್ ಹೇಳುವುದು ಮನೆಯ ರೂಢಿಯಾಯಿತು. “ಬೆರಳ ಹತ್ರ ಅಗಲ ಇದ್ರೆ ಒಂದು ನಂಬರ್ ಹೆಚ್ಚು ಕೊಡಕ್ಕ,” ಎಂದು ಅವನೇ ಮುಂದಾಗಿ ಹೇಳತೊಡಗಿದ.

ಶಾಲೆ ತೆರೆಯುವ ಹೊತ್ತಿಗೆ ಪರೀಕ್ಷೆ ಮುಗಿಯಿತು. ಅತ್ತೆ, ಸೊಸೆ ಇಬ್ಬರೂ ಪರದೆಯ ಮುಂದೆ ಕೂತರು. ಯಾರೂ ಕರೆಯದೆ ಬಿಟ್ಟವರಲ್ಲಿ ನೂರಕ್ಕೆ ಹದಿನಾಲ್ಕು ಜನ ತಾವಾಗಿಯೇ ಮರಳಿ ಬಂದು ಕೊಂಡಿದ್ದರು. ಕೋಳಿ ಕೂಗದೆಯೂ ಬೆಳಗಾಗಿತ್ತು. ಬಾಗಿಲಕ್ಕನ ಮುಖ ಸಣ್ಣದಾಯಿತು.

“ಮುಂದೆ ಓದು,” ಎಂದಳು.

ಅಳತೆಯ ಕಾಗದ ಹೋದವರಲ್ಲಿ ನೂರಕ್ಕೆ ಇಪ್ಪತ್ಮೂರು. ಕೂಪನ್ ಹೋದವರಲ್ಲಿ ಇಪ್ಪತ್ತೈದು.

“ಕೂಪನ್ನೇ ಗೆದ್ದಿತಲ್ಲ ಅತ್ತೆ,” ಎಂದು ಹುಡುಗಿ ಸಪ್ಪಗಾದಳು.

“ಎಲ್ಲಿ ಗೆದ್ದಿತು? ಹೆಚ್ಚಿಗೆ ಬಂದೋರು ಇಬ್ಬರು. ಆ ಇಬ್ಬರಿಗೋಸ್ಕರ ಹೆಚ್ಚುಕಡಿಮೆ ಇಪ್ಪತ್ತೈದು ಜನಕ್ಕೂ ಬೆಲೆ ಇಳಿಸಿದೀವಿ. ಅದರಲ್ಲಿ ಹದಿನಾಲ್ಕು ಜನ ಕರೀದಿದ್ರೂ ಬರೋರು. ಇಲಿ ಹಿಡಿಯೋಕೆ ಕಣಜಕ್ಕೇ ಬೆಂಕಿ ಇಟ್ಟ ಹಾಗಾಯ್ತು. ಶೂ ವಾಪಸ್ ಬಂದಿದ್ದೆಷ್ಟು ನೋಡು.”

ಅಳತೆ ಕೇಳಿ ಕೊಂಡವರಲ್ಲಿ ಶೂ ಹಿಂದಿರುಗಿಸಿದವರು ಬೆರಳೆಣಿಕೆಯಷ್ಟೂ ಇರಲಿಲ್ಲ. ತೂತು ಸಿಕ್ಕಿತ್ತು. ಅಂದೇ ಕೂಪನ್ ತೆಗೆದುಹಾಕಿದಳು. ಅಳತೆಯ ಕಾಗದ ಎಲ್ಲರಿಗೂ ಹೋಯಿತು, ಆದರೂ ನೂರರಲ್ಲಿ ಹತ್ತು ಜನಕ್ಕೆ ಮಾತ್ರ ಏನೂ ಹೋಗದಂತೆ ಇಟ್ಟುಕೊಂಡಳು. ಜಂಭ ಮತ್ತೆ ಚಿಗುರಿದರೆ ಕತ್ತರಿಸಲು ಕತ್ತರಿ ಮನೆಯಲ್ಲೇ ಇರಲಿ ಎಂದು.

ಮೊದಮೊದಲು ಮಾರಾಟ ಕುಸಿಯಿತು. ಕೂಪನ್ನಿಗಾಗಿ ಕಾಯುವವರು ಕಾಯುತ್ತಲೇ ಇದ್ದರು. ಹುಡುಗಿ ಉಗುರು ಕಚ್ಚುತ್ತ ಓಡಾಡಿದಳು. “ತಾಳು. ಮಕ್ಕಳ ಕಾಲು ಕೂಪನ್ ಕೇಳಿ ಬೆಳೆಯಲ್ಲ,” ಎಂದಳು ಬಾಗಿಲಕ್ಕ. ಹಾಗೆಯೇ ಆಯಿತು. ಒಂದು ಮಧ್ಯಾಹ್ನ ಟೀಚರಮ್ಮನ ಇಮೇಲ್ ಬಂತು. ‘ಕಾದು ಸಾಕಾಯಿತು. ಇಬ್ಬರದೂ ಅಳತೆ ಬರೆದಿದ್ದೇನೆ. ಚಿಕ್ಕವಳ ಬಲಗಾಲು ತುಸು ದೊಡ್ಡದು, ಹೊಲಿಯುವವರಿಗೆ ಹೇಳಿ.’ ಪೂರ್ತಿ ಬೆಲೆ ಕೊಟ್ಟಿದ್ದರು.

ಸಗಟು ವ್ಯಾಪಾರಿ ಬಂದಾಗ ತಮ್ಮ ಯಂತ್ರದ ಮುಂದೆಯೇ ಇದ್ದ. ಬಾಗಿಲಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ತಮ್ಮ ವ್ಯಾಪಾರಿಗೆ ಕುರ್ಚಿ ತೋರಿಸಿ, ಅಕ್ಕನ ಕಡೆ ತಿರುಗಿದ.

“ಅಕ್ಕ, ನಿಜ ಹೇಳು. ನಿನ್ನ ಕಾಗದ ನೂರಕ್ಕೆ ಎಷ್ಟು ಜನನ ತರುತ್ತೆ?”

“ಒಂಬತ್ತು.”

“ಅರ್ಧ ಅಂಗಡಿ ಅಂತಿದ್ದೆ?”

“ಅದು ಕೋಳಿ ಲೆಕ್ಕ. ಹದಿನಾಲ್ಕು ನಿನ್ನ ಹೊಲಿಗೆ ನೋಡಿ ಬರ್ತಾವೆ. ಒಂಬತ್ತು ನಾನು ಕರೆದು ಬರ್ತಾವೆ. ಅದರಲ್ಲಿ ಒಂದನ್ನೂ ಯಾರೂ ಕಿತ್ತುಕೊಳ್ಳೋ ಹಾಗಿಲ್ಲ.”

ಅರ್ಧ ಅಂಗಡಿ ಎಂದು ಹೇಳುವಾಗ ಇರದಿದ್ದ ಎತ್ತರ ಆ ಒಂಬತ್ತನ್ನು ಹೇಳುವಾಗ ಅವಳ ಕುತ್ತಿಗೆಗೆ ಬಂದಿತ್ತು. ತಮ್ಮ ಅದನ್ನು ನೋಡಿದ. ಪೂರ್ತಿ ಬೆಲೆಯ ದುಡ್ಡು ಎರಡು ತಿಂಗಳಿಂದ ಕೈಗೆ ಹತ್ತುತ್ತಿದ್ದುದನ್ನೂ ಅವನು ಬಲ್ಲ.

“ಎಲೆ ತೆಗೆಯೋಕಾಗಲ್ಲ ಸ್ವಾಮಿ,” ಎಂದ ವ್ಯಾಪಾರಿಗೆ. “ಕಾಲಿನ ಅಳತೆ ಕೇಳಿ ಹೊಲಿದಿದ್ದೀವಿ. ಗುರುತು ಬೇರೆಯೋರದ್ದು ಹಾಕಿದ್ರೆ, ಚಿಕ್ಕದಾಯ್ತು ಅಂತ ಅವರು ಯಾರನ್ನ ಕೇಳ್ಬೇಕು?”

ವ್ಯಾಪಾರಿ ಇನ್ನಷ್ಟು ಹೊತ್ತು ಮಾತಾಡಿ, ಕೊನೆಗೆ ಎದ್ದ. ಬಾಗಿಲ ತನಕ ನಿಧಾನವಾಗಿ ನಡೆದು, ಛತ್ರಿ ಎಲ್ಲಿಟ್ಟೆ ಎಂದು ಅತ್ತಿತ್ತ ನೋಡಿದ. ತಮ್ಮ ಅಕ್ಕನ ಮುಖ ನೋಡಿದ.

“ಕರೀಬೇಡ,” ಎಂದಳು ಅವಳು ಮೆಲ್ಲಗೆ. ಆಮೇಲೆ ವ್ಯಾಪಾರಿಗೆ ಗಟ್ಟಿಯಾಗಿ, “ನಿಮ್ಮ ಕೈಯಲ್ಲೇ ಇದೆ ಸ್ವಾಮಿ ಛತ್ರಿ.”

ಅವನು ಹೋದ ಮೇಲೆ ತಮ್ಮ ಟೀಚರಮ್ಮನ ಮಕ್ಕಳ ಶೂ ಮಗುಚಿ ಹಿಡಿದು ಅಚ್ಚನ್ನು ಅಕ್ಕನ ಕಡೆ ಚಾಚಿದ. ಅಪ್ಪ ಹೋದ ಮೇಲೆ ಆ ಅಚ್ಚನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟದ್ದಿಲ್ಲ. ಬಾಗಿಲಕ್ಕ ಸೆರಗಿಗೆ ಕೈ ಒರೆಸಿಕೊಂಡು ನಾಲ್ಕು ಅಡಿಗಳಿಗೂ ಎಲೆ ಒತ್ತಿದಳು. ನಾಲ್ಕನೆಯದು ಒಂದು ಕೂದಲೆಳೆಯಷ್ಟು ವಾಲಿತು.

“ಸೊಟ್ಟ ಆಯ್ತಲ್ಲಕ್ಕ.”

“ಆಗ್ಲಿ. ಅದು ನಂದು ಅಂತ ಗೊತ್ತಾಗುತ್ತೆ,” ಎಂದವಳೇ, ಮಾಳಿಗೆಯಿಂದ ‘ಅತ್ತೆ, ಒಬ್ಬರು ಅಳತೆ ಕೇಳಿ ಬರೆದಿದ್ದಾರೆ’ ಎಂಬ ಕೂಗು ಬಂದದ್ದೇ ತಡ, ಮೊಣಕಾಲು ನೋವನ್ನೂ ಮರೆತು ಮೆಟ್ಟಿಲು ಹತ್ತಿದಳು.