ಹಾರ್ಲನ್ ತುಂಬಿದ ಕೊನೆಯ ಐವತ್ತು ತೋಟಾ

ಹಾರ್ಲನ್ ಬ್ರೆಕ್ಕಿ ಮಾಡಿಕೊಟ್ಟ ಕೋವಿಗೆ ಅಂಗಡಿಯ ತೋಟಾ ಹಿಡಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಆದದ್ದೆಲ್ಲ ಇದರಿಂದಲೇ ಆಯಿತು. ನಳಿಗೆಯನ್ನು ಅವರೇ ಲೇತಿಗೆ ಕಟ್ಟಿ, ತೋಟಾ ಕೂರುವ ಗೂಡನ್ನು ತಮ್ಮದೇ ಅಳತೆಗೆ ಕಡೆಯುತ್ತಿದ್ದರು. ಆ ಗೂಡಿಗೆ ಮಾತ್ರ ಕೂರುವಂತೆ ಹಿತ್ತಾಳೆಯ ತೋಟಾಗಳನ್ನು ಒತ್ತಿ, ಕಿಡಿ ಹೊತ್ತಿಸುವ ಕೇಪು ಕೂರಿಸಿ, ಮದ್ದು ತುಂಬಿ ಕೊಡುತ್ತಿದ್ದರು. ಅಂದರೆ ಕೋವಿ ನಮ್ಮದು, ಅದರ ಊಟ ಅವರ ಕೈಯಲ್ಲಿ. ಮೊಂಟಾನಾದ ನಮ್ಮ ಈ ಮೂಲೆಯಲ್ಲಿ ಕುರಿ ಸಾಕುವ ಹನ್ನೊಂದು ಮನೆಗಳಲ್ಲಿ ಅಂಥ ಕೋವಿಗಳಿದ್ದವು. ಒಂದು ನನ್ನದು.

ಮೂವತ್ತು ವರ್ಷ ಅವರು ಗೋಧಿ ಉಗ್ರಾಣದಲ್ಲಿ ಯಂತ್ರ ರಿಪೇರಿ ಮಾಡಿದವರು. ಆರೂಕಾಲು ಅಡಿ ಎತ್ತರ, ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಿ ತಗ್ಗಿಸಿ ಬಯಲಲ್ಲೂ ಬಾಗಿಯೇ ನಡೆಯುತ್ತಿದ್ದರು. ಮಾತು ಕಡಿಮೆ. ಕಿವಿ ಮುಚ್ಚಿಕೊಳ್ಳದೆ ಕೋವಿ ಹಾರಿಸುವವರನ್ನು ಕಂಡರೆ ಮಾತ್ರ ಬಾಯಿ ತುಂಬ ಬೈಯುತ್ತಿದ್ದರು. ಅವರ ಓರಗೆಯ ಗಂಡಸರೆಲ್ಲ ಅರವತ್ತಕ್ಕೇ ಕಿವುಡರಾಗಿ ಕಾಫಿ ಅಂಗಡಿಯಲ್ಲಿ ಒಬ್ಬರಿಗೊಬ್ಬರು ಕಿರುಚಿಕೊಳ್ಳುತ್ತಿದ್ದರೆ, ಇವರು ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡು ಮುಸಿಮುಸಿ ನಗುತ್ತಿದ್ದರು.

ನಮ್ಮಪ್ಪ ಸತ್ತ ವರ್ಷ ತೋಳದ ಜಾತಿಯ ಕಯೋಟಿಗಳು ನನ್ನ ಮೂವತ್ತೊಂದು ಕುರಿಮರಿಗಳನ್ನು ತಿಂದವು. ಅಪ್ಪನ ಹಳೇ ಕೋವಿ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಆ ಹಾಳು ಪ್ರಾಣಿಗಳಿಗೆ ಲೆಕ್ಕವಿತ್ತು. ಅದರಾಚೆ, ಹಳ್ಳದ ಆಚೆಯ ದಿಬ್ಬದ ಮೇಲೆ, ನನ್ನನ್ನೇ ನೋಡುತ್ತಾ ಕೂರುತ್ತಿದ್ದವು. ಹಾರ್ಲನ್ ಒಂದು ದಿನ ತಾವಾಗಿಯೇ ಬಂದರು. ದರ್ಜಿಯ ಟೇಪು ಹಿಡಿದು ನನ್ನ ತೋಳು, ಕತ್ತು, ಕೆನ್ನೆಯ ಮೂಳೆ ಎಲ್ಲ ಅಳೆದುಕೊಂಡು ಹೋದರು. ಮದುವೆ ಬಟ್ಟೆ ಹೊಲಿಯುವಾಗಲೂ ನನ್ನನ್ನು ಯಾರೂ ಅಷ್ಟು ಅಳೆದಿರಲಿಲ್ಲ.

ಆ ಕೋವಿಗೆ ಎರಡು ಚಳಿಗಾಲ ಹಿಡಿಯಿತು. ಐದು ಗುಂಡು ಹೊಡೆಯುವುದು, ನಳಿಗೆ ಆರುವವರೆಗೆ ಕಾಫಿ ಕುಡಿಯುವುದು, ಕಾಗದದ ತೂತುಗಳನ್ನು ಅಳೆದು ಬರೆದುಕೊಳ್ಳುವುದು. ಆಮೇಲೆ ಮದ್ದು ನಾಲ್ಕು ಕಾಳು ಹೆಚ್ಚು, ಅಥವಾ ಗುಂಡು ಒಂದು ಕೂದಲೆಳೆಯಷ್ಟು ಒಳಗೆ, ಮತ್ತೆ ಐದು. ನನಗೋ ಮೂಗಿನ ತುದಿಯಲ್ಲಿ ಕೋಪ. ಇನ್ನೂ ಎಷ್ಟು ದಿನ ಎಂದು ಕೇಳಿ ಕೇಳಿ ಸುಸ್ತಾದೆ. ಕೊನೆಗೊಂದು ಮಾರ್ಚಿಯಲ್ಲಿ ಐನೂರು ಗಜದಾಚೆ ಐದೂ ಗುಂಡು ನನ್ನ ಅಂಗೈ ಅಗಲದ ಜಾಗದಲ್ಲಿ ಕೂತವು. ಅವರು ಕೋವಿಯನ್ನು ಒರೆಸಿ ನನ್ನ ಕೈಗಿಟ್ಟು ಮನೆಗೆ ಹೋದರು. ಆ ವಸಂತದಲ್ಲಿ ನಾನು ಕಳೆದುಕೊಂಡದ್ದು ನಾಲ್ಕೇ ಮರಿ.

ಮದ್ದು ತುಂಬುವ ಅವರ ಕೊಟ್ಟಿಗೆಗೆ ಎರಡು ಕಟ್ಟಳೆ ಇದ್ದವು. ಮೇಜಿನ ಮೇಲೆ ಒಂದೇ ಡಬ್ಬಿ; ಬೇರೆ ಮದ್ದಿನ ಡಬ್ಬಿಗಳೆಲ್ಲ ಬೀರುವಿನೊಳಗೆ. ಪಿಸ್ತೂಲಿನ ಮದ್ದು ಬೆಂಕಿಯಷ್ಟೇ ಅವಸರದ್ದು, ದೊಡ್ಡ ಕೋವಿಗೆ ಅದನ್ನು ತುಂಬಿದರೆ ಕೋವಿಯೇ ಸಿಡಿದು ಹೊಡೆದವನ ಮುಖಕ್ಕೆ ಬರುತ್ತದೆ. ಎರಡನೆಯದು, ಬಾಗಿಲು ಮುಚ್ಚಿದ್ದರೆ ಯಾರೂ ತಟ್ಟಕೂಡದು. ಹೆಂಡತಿ ನೋರೀನ್ ಕೂಡ ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಬಕೆಟ್ಟು ಮುಚ್ಚಿ ಬರುತ್ತಿದ್ದಳು. ಶೆರಿಫನೇ ಒಮ್ಮೆ ಹಿಮ ಬೀಳುವಾಗ ಮುಕ್ಕಾಲು ಗಂಟೆ ಕಾರಿನಲ್ಲಿ ಕಾದಿದ್ದ.

ಮೂರು ವರ್ಷದ ಹಿಂದಿನ ಫೆಬ್ರವರಿಯಲ್ಲಿ ನೋರೀನ್ ನನ್ನ ಅಡುಗೆಮನೆಗೆ ಬಂದು ಕೋಟು ಬಿಚ್ಚದೆ ಕೂತಳು. ಹಾರ್ಲನ್ ಕಾಫಿಗೆ ಎರಡೆರಡು ಸಲ ನೀರು ಹಾಕುತ್ತಾರಂತೆ. ಅಂಚೆ ಕಚೇರಿಗೆ ಹೋದವರು ನಲವತ್ತು ಮೈಲಿ ಆಚೆ ಸಿಕ್ಕಿದರಂತೆ.

"ಈ ವರ್ಷ ಅವ್ರನ್ನ ತೋಟಾ ಕೇಳ್ಬೇಡ ಕಣೇ. ಯಾರು ಕೇಳಿದ್ರೂ ಆಗ್ಲಿ ಅಂತಾರೆ. ಇಲ್ಲ ಅನ್ನೋದು ಅವ್ರಿಗೆ ಗೊತ್ತೇ ಇಲ್ಲ."

ಕೇಳುವುದಿಲ್ಲ ಎಂದು ಅವಳ ಕೈ ಹಿಡಿದು ಹೇಳಿದೆ. ಆಗ ನನ್ನ ಡಬ್ಬಿಯಲ್ಲಿ ಉಳಿದದ್ದು ಆರು ತೋಟಾ.

ಮಾರ್ಚಿ ಕೊನೆಗೆ ಕುರಿಗಳು ಈಯತೊಡಗಿದವು, ಒಂದೇ ವಾರದಲ್ಲಿ ಒಂಬತ್ತು ಮರಿ ಹೋದವು, ಆರು ತೋಟಾನೂ ಮುಗಿದವು. ನೋರೀನ್ ಚರ್ಚಿನ ಹೆಂಗಸರ ಜೊತೆ ರಜಾಯಿ ಹೊಲಿಯಲು ಹೋಗುವ ದಿನ ನನಗೆ ಗೊತ್ತಿತ್ತು. ಆ ದಿನವೇ ಹೋದೆ. ಕಳ್ಳಿಯ ಹಾಗೆ ಹೋದೆ, ಬೇರೆ ಮಾತಿಲ್ಲ. ತೋಟಾ ಬೇಕೆಂದಾಗ ಹಾರ್ಲನ್ ಮುಖ ಅರಳಿತು. ಚಳಿಗಾಲ ಪೂರ್ತಿ ಯಾರೂ ತಮ್ಮನ್ನು ಏನೂ ಕೇಳಿಲ್ಲವೆಂದೂ, ಐವತ್ತು ತುಂಬಿಕೊಡುತ್ತೇನೆಂದೂ ಹೇಳಿ ಆಗಲೇ ಕೊಟ್ಟಿಗೆಗೆ ನಡೆದರು.

ನಾನು ಟ್ರಕ್ಕಿನಲ್ಲಿ ಕಾದೆ. ಒಂದು ಗಂಟೆ, ಎರಡು ಗಂಟೆ. ನೋರೀನ್ ವಾಪಸಾಗುವ ಹೊತ್ತು ಹತ್ತಿರವಾಯಿತು. ಸಿಕ್ಕಿಬೀಳುತ್ತೇನೆಂಬ ಭಯ. ಇಳಿದು ಹೋಗಿ ಆ ಬಾಗಿಲು ತಟ್ಟಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲು ತೆರೆದು ನಕ್ಕರು, ನಮ್ಮಪ್ಪ ಹೇಗಿದ್ದಾನೆ ಎಂದು ಕೇಳಿದರು. ಚೆನ್ನಾಗಿದ್ದಾನೆ ಎಂದೆ. ಇನ್ನು ಐದಾರೇ ಉಳಿದಿವೆ ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಐವತ್ತು ತೋಟಾ ಸಾಲಾಗಿ ಜೋಡಿಸಿದ ಡಬ್ಬಿ ನನ್ನ ಕೈಗೆ ಬಂತು.

ನಾಲ್ಕನೆಯ ಬೆಳಿಗ್ಗೆ ಅವರ ಗಾಡಿ ನನ್ನ ಅಂಗಳಕ್ಕೆ ಬಂತು. ಹೊರಗೆ ಕೆಸರು, ಅವರ ಕಾಲಲ್ಲಿ ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿ.

"ಎಷ್ಟು ಹೊಡ್ದೆ?"

"ಮೂರು. ಎರಡು ಕಯೋಟಿ ಬಿತ್ತು. ಯಾಕೆ?"

"ಉಳಿದದ್ದು ಕೊಡು. ಮೇಜಿನ ಮೇಲೆ ಎರಡು ಡಬ್ಬಿ ಇತ್ತು, ಟ್ವೈಲಾ. ಎರಡೂ ಮುಚ್ಚಳ ತೆಗೆದಿತ್ತು. ನಾನು ಯಾವುದ್ರಿಂದ ಸುರಿದೆ ಅಂತ ನಂಗೆ ನೆನಪಿಲ್ಲ."

ಮೂರೂ ಚೆನ್ನಾಗೇ ಹಾರಿದವಲ್ಲ ಎಂದೆ. ಉಳಿದ ನಲವತ್ತೇಳರ ವಿಷಯ ನಿನಗೆ ಯಾರು ಹೇಳಿದರು ಎಂದರು. ಡಬ್ಬಿ ತೆಗೆದುಕೊಂಡು ಇಬ್ಬರೂ ಅವರ ಕೊಟ್ಟಿಗೆಗೆ ಹೋದೆವು. ತಕ್ಕಡಿಯ ಅಂಕಿ ಓದಿ ಬರೆದುಕೊಳ್ಳುವಷ್ಟರಲ್ಲಿ ಮರೆತುಹೋಗುತ್ತದೆ, ನೀನೇ ಓದು ಎಂದು ನನ್ನನ್ನು ಮುಂದೆ ಕೂರಿಸಿದರು. ಒಂದೊಂದು ತೋಟಾದ ಗುಂಡನ್ನು ಇಕ್ಕಳದಲ್ಲಿ ಕಿತ್ತು, ಒಳಗಿನ ಮದ್ದನ್ನು ತಕ್ಕಡಿಯ ತಟ್ಟೆಗೆ ಸುರಿಯುತ್ತಿದ್ದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ನಾನು ಅಂಕಿ ಹೇಳುವುದು, ಅವರು ಹೂಂ ಅನ್ನುವುದು. ಹೀಗೆ ನಲವತ್ತೊಂದು ಸರಿಯಾಗಿ ಬಂದವು. ಅವರ ಭುಜ ಸಡಿಲವಾಯಿತು.

ಮುಂದಿನದನ್ನು ಸುರಿದರು. ಕೋವಿಯ ಮದ್ದು ಸಣ್ಣ ಕಡ್ಡಿ ಚೂರುಗಳ ಹಾಗೆ ಇರುತ್ತದೆ. ತಟ್ಟೆಯಲ್ಲಿ ಬಿದ್ದದ್ದು ಗಸಗಸೆಯ ಹಾಗೆ ದುಂಡು ಕಾಳು, ಪಿಸ್ತೂಲಿನ ಮದ್ದು. ಅವರ ಕಣ್ಣು ಇಕ್ಕಳದ ಮೇಲಿತ್ತು. ನಾನು ಅಂಕಿ ನೋಡಿದೆ. ಸರಿಯಾಗೇ ಇತ್ತು, ತೂಕ ಮಾಡಿಯೇ ತುಂಬಿದ್ದರಲ್ಲ. ಅವರ ಮುಖ ನೋಡಿದೆ. ಇದನ್ನು ಹೇಳಿದರೆ ಈ ಮನುಷ್ಯನ ಬದುಕು ಇಲ್ಲಿಗೇ ಮುಗಿಯಿತು ಅನ್ನಿಸಿತು. ಸುಮ್ಮನೆ ಆ ಮದ್ದನ್ನು ಕಸದ ಡಬ್ಬಿಗೆ ಸುರಿದು, ಉಳಿದದ್ದನ್ನು ಹೇಗಾದರೂ ತಪ್ಪಿಸಿ ಹೊಳೆಗೆ ಎಸೆದುಬಿಡೋಣ ಎಂದುಕೊಂಡೆ.

"ತೂಕ ಸರಿಯಾಗಿದೆ" ಎಂದೆ.

ಹಾರ್ಲನ್ ಇಕ್ಕಳ ಕೆಳಗಿಟ್ಟರು.

"ತೂಕ ಇರ್ಲಿ. ಬಿದ್ದ ಸದ್ದು ಬೇರೆ."

ಅವರು ಒಂದು ಬೆರಳನ್ನು ಒದ್ದೆ ಮಾಡಿ ತಟ್ಟೆಗೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಉಳಿದ ಐದನ್ನೂ ಕಿತ್ತರು. ಐದರಲ್ಲೂ ಅದೇ ದುಂಡು ಕಾಳು.

"ನಿನ್ನ ಕಣ್ಣು ಹೋಗ್ತಿತ್ತು" ಎಂದರು. "ನಾನು ಎದ್ದು ಎಲ್ಲಿಗೆ ಹೋದೆ? ಮಧ್ಯ ನಾನು ಯಾವತ್ತೂ ಏಳಲ್ಲ. ಯಾಕೆ ಎದ್ದೆ?"

ಹೇಳಬೇಕಾದ ಹೊತ್ತು ಅದೇ. ನಾನು ಬಾಗಿಲು ತಟ್ಟಿದೆ, ಅದಕ್ಕೆ ಎದ್ದಿರಿ ಎಂದು ಒಂದೇ ಮಾತು ಸಾಕಿತ್ತು. ನಾನು ತಕ್ಕಡಿಯ ತಟ್ಟೆ ಒರೆಸುತ್ತಾ ಕೂತೆ. ನೋರೀನ್ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳು ಆರು ತೋಟಾ ನೋಡಿದಳು, ನನ್ನನ್ನು ನೋಡಿದಳು. ಅದರ ಬಗ್ಗೆ ಈವತ್ತಿನವರೆಗೂ ಒಂದು ಮಾತೂ ಆಡಿಲ್ಲ.

ಅದೇ ವಾರ ಹಾರ್ಲನ್ ಉಳಿದ ಹತ್ತು ಮನೆಗೂ ಹೋಗಿ, ಆ ಚಳಿಗಾಲಕ್ಕೆ ಮೊದಲು ತಾವು ತುಂಬಿದ್ದ ತೋಟಾಗಳನ್ನೆಲ್ಲ ವಾಪಸು ಪಡೆದರು. ಗಾಡಿ ಓಡಿಸಿದವಳು ನಾನು. ಪ್ರತಿ ಮನೆಯ ಬಾಗಿಲಲ್ಲೂ ಟೋಪಿ ಕೈಯಲ್ಲಿ ಹಿಡಿದು, ನನ್ನಿಂದ ತಪ್ಪಾಯಿತು, ಇನ್ನು ನನ್ನ ಕೈಯನ್ನು ನಂಬಬೇಡಿ ಎಂದು ಹೇಳಿದರು. ಹತ್ತು ಸಲ ಕೇಳಿದೆ ಅದನ್ನು. ಹತ್ತು ಸಲವೂ ಬಾಯಿ ಮುಚ್ಚಿಕೊಂಡು ಸ್ಟಿಯರಿಂಗ್ ಹಿಡಿದು ಕೂತೆ. ಅಳತೆಯ ಪುಸ್ತಕಗಳನ್ನು ಯಾರಾದರೂ ತೆಗೆದುಕೊಳ್ಳಲಿ ಎಂದರು, ಯಾರೂ ಮುಂದೆ ಬರಲಿಲ್ಲ. ಈಗ ನಾವೆಲ್ಲ ಅಂಗಡಿಯ ಕೋವಿ ತಂದಿದ್ದೇವೆ. ಕಯೋಟಿಗಳು ಮತ್ತೆ ದಿಬ್ಬದ ಮೇಲೆ ಕೂತು ನೋಡುತ್ತವೆ.

ಆಮೇಲೆ ಹಾರ್ಲನ್ ಬೇಗ ಬೇಗ ಕುಸಿದರು. ಕೆಲಸ ನಿಂತದ್ದಕ್ಕೋ, ಕಾಯಿಲೆಗೋ ನಾನು ಹೇಳಲಾರೆ. ಆದರೆ ಒಂದು ವಿಷಯ ಮಾತ್ರ ಅವರ ತಲೆಯಿಂದ ಹೋಗಲಿಲ್ಲ. ನನ್ನ ಹೆಸರು ಕೆಲವು ದಿನ ಮರೆಯುತ್ತಿದ್ದರು, ಆರು ತೋಟಾ ಮರೆಯುತ್ತಿರಲಿಲ್ಲ. ಯಾಕೆ ಎದ್ದೆ, ಯಾಕೆ ಎದ್ದೆ ಎಂದು ಕಿಟಕಿಗೆ ಮುಖ ಮಾಡಿ ಕೇಳಿಕೊಳ್ಳುತ್ತಿದ್ದರು.

ಹೋದ ಸೆಪ್ಟೆಂಬರಿನಲ್ಲಿ ನನಗೆ ತಡೆಯಲಾಗಲಿಲ್ಲ. ಅವರ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಎರಡೂ ಕೈ ಹಿಡಿದು ಹೇಳಿದೆ.

"ಹಾರ್ಲನ್, ಅವತ್ತು ಬಾಗಿಲು ತಟ್ಟಿದ್ದು ನಾನು. ನಾನು ತಟ್ಟಿದ್ದಕ್ಕೆ ನೀವು ಎದ್ರಿ. ತಪ್ಪು ನಿಮ್ದಲ್ಲ, ನಂದು."

ಅವರು ನನ್ನನ್ನು ಕರುಣೆಯಿಂದ ನೋಡಿದರು. ಸುಳ್ಳು ಹೇಳಿಯಾದರೂ ತಮ್ಮನ್ನು ಸಮಾಧಾನ ಮಾಡಲು ಬಂದಿದ್ದಾಳೆ ಎಂದುಕೊಂಡರೆಂದು ಕಾಣುತ್ತದೆ. ನನ್ನ ತಲೆ ಸವರಿದರು.

"ಹಾಗನ್ಬೇಡ ಮಗಳೇ. ಮುಚ್ಚಿದ ಬಾಗಿಲು ತಟ್ಟೋರು ನಮ್ ಕಡೆ ಯಾರೂ ಇಲ್ಲ."

ಇನ್ನೊಮ್ಮೆ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಕಿಟಕಿಯ ಕಡೆ ತಿರುಗಿ ಮತ್ತೆ ಅದನ್ನೇ ಕೇಳಿಕೊಳ್ಳತೊಡಗಿದ್ದರು. ನವೆಂಬರಿನಲ್ಲಿ ತೀರಿಕೊಂಡರು.