ಹುಳಿ ಶಾವಿಗೆಯ ವರ

ನಾನು ಚಿಕ್ಕವನಿದ್ದಾಗ ನಮ್ಮ ವನದುರ್ಗದ ಮನೆಯ ಊಟದಲ್ಲಿ ಕೋಳಿ ನಡೆಯುತ್ತಿತ್ತು, ಮೀನು ನಡೆಯುತ್ತಿತ್ತು, ಕಪ್ಪೆ ಮಾತ್ರ ನಡೆಯುತ್ತಿರಲಿಲ್ಲ ಮೊಮ್ಮಕ್ಕಳೇ. ಇದನ್ನು ಮೊದಲೇ ಯಾಕೆ ಹೇಳುತ್ತೇನೆಂದರೆ, ಅಕ್ಕನನ್ನು ನೋಡಲು ರಂಗಂಪೇಟೆಯಿಂದ ವರ ಬಂದ ದಿನ ಎದ್ದ ಗದ್ದಲವೆಲ್ಲ ಕಪ್ಪೆಯದೇ.

ಅನುಮಾನ ನಮ್ಮ ಮನೆತನದ ಆಸ್ತಿ. ಅದನ್ನು ಗಳಿಸಿಟ್ಟವಳು ಆಯಿ, ಅಂದರೆ ನನ್ನ ಅಪ್ಪನ ತಾಯಿ. ಹಾಲಿನವನು ಬಂದರೆ ಹಾಲಿಗೆ ಬೆರಳದ್ದಿ ನೋಡುವಳು. ಬಳೆಗಾರ ನಕ್ಕರೆ, ಯಾಕೆ ನಕ್ಕನೆಂದು ಸಂಜೆಯವರೆಗೆ ಯೋಚಿಸುವಳು. ಅವಳು ಬೇಡವೆಂದರೆ ಅಪ್ಪ ಬೇಕೆನ್ನುವಂತಿರಲಿಲ್ಲ. ಅಕ್ಕನೋ, ಆ ವರನನ್ನು ಯಾರದೋ ಮದುವೆಯಲ್ಲಿ ನೋಡಿ ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದಳು. ಅದು ನನಗೊಬ್ಬನಿಗೇ ಗೊತ್ತಿತ್ತು.

ವರ ತನ್ನ ತಾಯಿಯ ಜೊತೆ ಬಂದು ಕಂಬಳಿಯ ಮೇಲೆ ಕೂತ. ನೀರು ಕೊಟ್ಟದ್ದಾಯಿತು. ಆಯಿ ಕಂಬಕ್ಕೆ ಒರಗಿ ಕೇಳಿದಳು.

“ಏನ್ ಕೆಲಸ ಮಾಡ್ತೀಯಪ್ಪಾ?”

“ಹೈದರಾಬಾದಿನ್ಯಾಗ ಚೀನಿ ಹೋಟೆಲಿನ್ಯಾಗ ಅಡಿಗಿ ಮಾಡ್ತೀನ್ರಿ.”

ಚೀನಿಯವರು ಹಾವು, ಕಪ್ಪೆ ತಿನ್ನುತ್ತಾರೆಂದು ಆಯಿಗೆ ಯಾರೋ ಹೇಳಿದ್ದರು. “ಕಪ್ಪಿ ಮುಟ್ಟಿದ ಕೈಗೆ ನಮ್ಮ ಹುಡುಗೀನ್ನ ಕೊಡೋದೇನು?” ಎಂದು ಅಪ್ಪನ ಕಿವಿಯಲ್ಲಿ ಹೇಳಿದಳು. ಅವಳು ಕಿವಿಯಲ್ಲಿ ಹೇಳಿದ್ದು ಓಣಿಗೆಲ್ಲ ಕೇಳಿಸುತ್ತಿತ್ತು. ಬಾಗಿಲ ಹಿಂದೆ ಅಕ್ಕನ ಬಳೆ ಸದ್ದು ನಿಂತುಹೋಯಿತು.

ವರ ಪಾಪ, ಚೀಲದಿಂದ ಎರಡು ಬಾಟಲಿ ತೆಗೆದು ಮುಂದಿಟ್ಟ. ತಾನು ಮಾಡುವ ಅಡುಗೆಯ ರುಚಿ ತೋರಿಸಲು ತಂದಿದ್ದನಂತೆ. ಒಂದರಲ್ಲಿ ಗಾಡಿಯ ಕೀಲೆಣ್ಣೆಯಂಥ ಕಪ್ಪು ರಸ, ಇನ್ನೊಂದರಲ್ಲಿ ನೀರಿನಂಥದ್ದು. ಆಯಿ ಎರಡನೆಯದರ ಮುಚ್ಚಳ ತೆಗೆದು ಮೂಸಿದಳು. ತಕ್ಷಣ ಸೆರಗಿನಿಂದ ಮೂಗು ಮುಚ್ಚಿದಳು.

“ಸಾರಾಯಿ! ಕನ್ಯಾ ನೋಡಾಕ ಸಾರಾಯಿ ತಂದಾನ!”

ಅದು ವಿನೆಗರ್. ಆ ಹೆಸರು ಆಗ ನಮಗೆಲ್ಲಿ ಗೊತ್ತು? ಎರಡೂ ಬಾಟಲಿ ಹೊರಗಿನ ಕಟ್ಟೆಗೆ ಹೋದವು. ಉಳಿದ ಚೀಲವನ್ನು ನಾನೇ ಕೋಲಿನಿಂದ ತಿವಿದು ನೋಡಿದೆ. ಹಾವೇನೂ ಅಲುಗಾಡಲಿಲ್ಲ.

“ಏಳಪ್ಪಾ, ಸಾಕು. ಹೋಗೂಣು ನಡಿ,” ಎಂದು ವರನ ತಾಯಿ ಎದ್ದೇಬಿಟ್ಟಳು. ಅವರು ಹೊಸ್ತಿಲು ದಾಟಿದರೆ ಅಕ್ಕನ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಅಳು ಬಂತು. ಆದರೆ ವರ ಏಳಲಿಲ್ಲ.

“ಬಾಟ್ಲಿ ಹೊರಗೇ ಇರ್ಲಿ ಬಿಡ್ರಿ ಆಯಿ. ನಿಮ್ಮ ಒಲಿ, ನಿಮ್ಮ ಸಾಮಾನು. ನಾ ಅಡಿಗಿ ಮಾಡ್ತೀನಿ, ನೀವು ಮುಂದ ಕುಂತು ನೋಡ್ರಿ. ಮೊದಲ ನಾನೇ ತಿಂತೀನಿ.”

ಕನ್ಯೆ ನೋಡಲು ಬಂದವನು ಕನ್ಯೆಯ ಮನೆಯ ಒಲೆ ಹಚ್ಚುವುದನ್ನು ನಮ್ಮೂರು ಕಂಡಿರಲಿಲ್ಲ. ಆಯಿ ಅಡುಗೆಮನೆಯ ಬಾಗಿಲಿಗೇ ಮಣೆ ಹಾಕಿಕೊಂಡು ಕೂತಳು. ಅವನು ಪುಂಡಿ ಸೊಪ್ಪು ಕುದಿಸಿ ಹುಳಿನೀರು ಸೋಸಿದ. ಬೋಗುಣಿಯಲ್ಲಿ ಖಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ, ಎಳ್ಳು ಹಾಕಿ, ಹೊಗೆಯಾಡುವ ಶೇಂಗಾ ಎಣ್ಣೆ ಸುರಿದ. ಚುರ್ರೆಂದಿತು. ಮನೆಯವರೆಲ್ಲ ಸೀನಿದರು.

“ಚೀನಾ ಅಂದ್ರ ಒಂದೇ ರುಚಿ ಅಲ್ರಿ,” ಎಂದ. “ಒಂದ್ ಸೀಮ್ಯಾಗ ಸಪ್ಪಗ ತಿಂತಾರ, ಒಂದ್ ಸೀಮ್ಯಾಗ ಸಿಹಿ. ನನಗ ಅಡಿಗಿ ಕಲಿಸಿದ ಚೀನಿ ಮುದುಕನ ಕಡೆ ಖಾರ-ಹುಳಿ ಇರಲಿಲ್ಲಂದ್ರ ಊಟನೇ ಅಲ್ಲ. ಬೀದ್ಯಾಗ ನಿಂತು, ಬೆವರು ಒರಸ್ಕೋತ ತಿಂತಾರಂತ. ನಮ್ಮಂಗನ.”

“ಮತ್ತ ಕಪ್ಪಿ?”

“ನಮ್ಮ ಹೋಟೆಲಿನ್ಯಾಗ ಕಪ್ಪಿ ಇಲ್ರಿ ಆಯಿ. ಕೋಳಿ ಅದ.”

ಆಯಿ “ಹೂಂ” ಎಂದಳು. ಆ ಹೂಂ ನಂಬಿದವರ ಹೂಂ ಆಗಿರಲಿಲ್ಲ.

ಆಮೇಲೆ ಅವನು ಶಾವಿಗೆ ಡಬ್ಬಿಯ ಮುಚ್ಚಳ ತೆಗೆದು ಹಾಗೇ ನಿಂತ. ಆ ಶಾವಿಗೆ ಅವರಿಗಾಗಿಯೇ ತೆಗೆದಿಟ್ಟದ್ದು. ಬೀಗತನದ ಮಾತಿನ ದಿನ ಶಾವಿಗೆಗೆ ಬೆಲ್ಲವೇ ಬೀಳಬೇಕು, ಹುಳಿ ಬಿದ್ದರೆ ಸಂಬಂಧವೂ ಹುಳಿಯುತ್ತದೆ ಎನ್ನುವುದು ಆಯಿಯ ನಂಬಿಕೆ. ಬೈಯಲು ಅವಳು ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅವನು ಅರ್ಧ ಶಾವಿಗೆಯನ್ನು ಮೊರದಲ್ಲಿ ಹಾಕಿ ಅವಳ ಕಡೆ ಸರಿಸಿದ.

“ಇದು ಬೆಲ್ಲಕ್ಕ ಇರ್ಲಿ ಆಯಿ. ಬೀಗತನದ ಶಾವಿಗಿ, ಎಲ್ಲಾ ಹುಳಿಗಿ ಹಾಕಬಾರದು.”

ಆಯಿ ಮೊರ ನೋಡಿದಳು, ಅವನ ಮುಖ ನೋಡಿದಳು. ತೆರೆದ ಬಾಯಿ ಮುಚ್ಚಿಕೊಂಡಳು.

ಉಳಿದರ್ಧ ಶಾವಿಗೆ ಬೇಯಿಸಿ, ಆ ಹುಳಿ-ಖಾರ ಕಲಸಿ, ಹೇಳಿದಂತೆ ಅವನೇ ಮೊದಲು ತಿಂದ. ಆಮೇಲೆ ನಮಗೆ ಬಡಿಸಿ, ಮೇಲೆ ಹುರಿದ ಶೇಂಗಾ ಉದುರಿಸಿದ. ನನ್ನ ನಾಲಿಗೆ ಉರಿಯಿತು, ಮೂಗು ಸೋರಿತು, ಬಟ್ಟಲು ಮಾತ್ರ ಕೈ ಬಿಡಲಿಲ್ಲ. ಆಯಿ ಒಂದು ಬಟ್ಟಲು ಖಾಲಿ ಮಾಡಿ, “ಏನೋ ಹಾಕ್ಯಾನ ಇದ್ರಾಗ. ಇನ್ನೊಂದೀಟು ನೀಡು, ಏನಂತ ತಿಳೀಲಿ,” ಎಂದಳು. ಅದನ್ನೂ ಮುಗಿಸಿ, ಕಣ್ಣು ಒರೆಸಿಕೊಂಡು, ಅಪ್ಪನಿಗೆ ಹೇಳಿದಳು: “ಸಕ್ರಿ ಡಬ್ಬಿ ತಾ.”

ನಮ್ಮ ಕಡೆ ವರನ ಕೈಗೆ ಸಕ್ಕರೆ ಕೊಟ್ಟರೆ ಸಂಬಂಧ ಒಪ್ಪಿದಂತೆ. ಬಾಗಿಲ ಹಿಂದೆ ಬಳೆಗಳು ಘಲ್ಲೆಂದವು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಲಿಲ್ಲ.

ಈಗ ಶಹಾಪುರದ ಬಸ್ ಸ್ಟ್ಯಾಂಡ್ ಮುಂದೆ ಸಂಜೆಯಾದರೆ ಚೈನೀಸ್ ಗಾಡಿಗಳು ನಿಲ್ಲುತ್ತವೆ. ನೀವು ಗೋಬಿ ಮಂಚೂರಿ, ನೂಡಲ್ಸ್ ಕಟ್ಟಿಸಿಕೊಂಡು ಬರುತ್ತೀರಿ. ಯಾರು ಮಾಡಿದರು, ಏನು ಹಾಕಿದರು, ಒಂದನ್ನೂ ಕೇಳುವುದಿಲ್ಲ. ಮನೆಯ ಪುಂಡಿ ಪಲ್ಯೆ ಬಡಿಸಿದರೆ ಮಾತ್ರ “ಮುತ್ಯಾ, ಇದ್ರಾಗ ಏನದ?” ಎಂದು ಮೂಸುತ್ತೀರಿ. ಆಯಿಯ ಆಸ್ತಿಯಲ್ಲಿ ನಿಮಗೂ ಪಾಲು ಬಂದಿದೆ.

ಭಾವ ಈಗಿಲ್ಲ. ಮೊನ್ನೆ ಅಕ್ಕ ಬಂದಿದ್ದಾಗ ನೀವು ನೂಡಲ್ಸ್ ಪೊಟ್ಟಣ ಬಿಚ್ಚಿದಿರಿ. ವಿನೆಗರ್ ವಾಸನೆ ಮನೆಯೆಲ್ಲ ತುಂಬಿತು. ನಾನು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡೆ. ಅಕ್ಕ ಕಣ್ಣು ಮುಚ್ಚಿಕೊಂಡಳು.

“ಅವರು ಕೆಲಸದಿಂದ ಬಂದಾಗ ಅಂಗಿ ಹಿಂಗ ವಾಸನಿ ಬರ್ತಿತ್ತು,” ಎಂದಳು.

ನೀವು ತಿನ್ನುವುದರಲ್ಲೇ ಇದ್ದಿರಿ, ಕೇಳಿಸಿಕೊಳ್ಳಲಿಲ್ಲ. ನಾನು ಟವೆಲ್ ತೆಗೆದು, ನಮ್ಮಿಬ್ಬರಿಗೂ ಒಂದೊಂದು ತಟ್ಟೆ ನೀಡಿರೆಂದೆ. ಏನು ಹಾಕಿದ್ದಾರೆಂದು ತಿಳಿಯಬೇಕಲ್ಲ.