ಲಕ್ಕಪ್ಪ ವಸ್ತಾದರ ಗಾಲ್ಫ್ ಪಠ್ಠಾ

ಬೆಳಕು ಹರಿಯುವ ಹೊತ್ತು. ಕಿತ್ತೂರಿನ ಹಳೆಯ ಓಣಿಯ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ಲಕ್ಕಪ್ಪ ವಸ್ತಾದರು ಮಣ್ಣು ಅಗೆಯುತ್ತಿದ್ದಾರೆ. ಎಡ ಮೊಣಕಾಲಿಗೆ ಬಟ್ಟೆ ಬಿಗಿದಿದೆ. ಹಣೆಯ ವಿಭೂತಿ ಆಗಲೇ ಬೆವರಿಗೆ ಅರ್ಧ ಕರಗಿದೆ. ಗುದ್ದಲಿ ಏಳುತ್ತದೆ, ಬೀಳುತ್ತದೆ. ಬಿಗಿದುಕೊಂಡಿದ್ದ ಕೆಮ್ಮಣ್ಣು ಸಡಿಲಾದಂತೆ ಮಜ್ಜಿಗೆ, ಅರಿಷಿಣ, ಎಣ್ಣೆಯ ವಾಸನೆ ಮೇಲೇಳುತ್ತದೆ. ಗೂಡಿನ ಮಾರುತಿಯ ಮುಂದೆ ಊದಿನಕಡ್ಡಿ ಉರಿಯುತ್ತಿದೆ.

ಹೊರಗೆ ಕಟ್ಟೆಯ ಮೇಲೆ ಹತ್ತೊಂಬತ್ತರ ಉಮಾಶ್ರೀ ಕರೇಲಾ ತಿರುಗಿಸುತ್ತಾಳೆ. ಕರೇಲಾ ಅಂದರೆ ಪೈಲವಾನರು ಭುಜದ ಸುತ್ತ ತಿರುಗಿಸುವ ಭಾರದ ಕಟ್ಟಿಗೆಯ ಗದೆ.

"ತಂಗಿ, ಕೈಲೆ ತಿರುವಬ್ಯಾಡ. ಸೊಂಟದಿಂದ ಬರಲಿ, ಸೊಂಟದಿಂದ!" ಲಕ್ಕಪ್ಪನವರು ಒಳಗಿನಿಂದಲೇ ಕೂಗುತ್ತಾರೆ. ಕಣ್ಣಿಂದ ನೋಡದೆ, ಗದೆ ಗಾಳಿ ಸೀಳುವ ಸಪ್ಪಳ ಕೇಳಿಯೇ.

ಉಮಾಶ್ರೀ ಕುಸ್ತಿ ಆಡುವವಳಲ್ಲ. ಆಕೆ ಆಡುವುದು ಗಾಲ್ಫ್. ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಸೋದರಮಾವ ನೀಲಪ್ಪನ ಮನೆಗೆ ರಜೆಗೆ ಹೋದವಳು, ಚೆಂಡು ಆರಿಸಿಕೊಡುತ್ತಾ ಕೊನೆಗೆ ಕೋಲು ಹಿಡಿದಳು. ಹೊಡೆತದಲ್ಲಿ ಜೋರು ಸಾಲದೆಂದು ಮಾವನೇ ಆಕೆಯನ್ನು ಲಕ್ಕಪ್ಪನವರ ಮುಂದೆ ತಂದು ನಿಲ್ಲಿಸಿದ.

"ನಾ ಗಾಲ್ಫ್ ಟೀವ್ಯಾಗೂ ನೋಡಿದಾಂವಲ್ಲರಿ," ಎಂದು ವಸ್ತಾದರು ನಗುತ್ತಾರೆ. "ಚೆಂಡು ನಿಂತಲ್ಲೆ ನಿಂತಿರತೈತಿ, ಎದುರಾಳಿ ಇಲ್ಲ, ಯಾರೂ ಅಡ್ಡ ಬರೂದಿಲ್ಲ. ಅದನ್ನ ಹೊಡ್ಯಾಕ ಏನ್ ಕಷ್ಟ ಅಂದ್ಕೊಂಡೆ. ಒಂದ್ ಸರ್ತಿ ಹೊಡದ್ ನೋಡಿದೆ. ಚೆಂಡು ಅಲ್ಲೇ ಇತ್ತು, ಹುಲ್ಲು ಹಾರಿ ನೀಲಪ್ಪನ ಮಾರಿಗೆ ಬಡೀತು."

ಹರೆಯದಲ್ಲಿ ಲಕ್ಕಪ್ಪ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಕಣಗಳಲ್ಲೆಲ್ಲ ಆಡಿದವರು. ಮನೋಳಿಯ ಒಂದು ಕುಸ್ತಿಯಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು ಹಿಮ್ಮಡಿ ನೆಲ ಬಿಟ್ಟಿತು. ಎದುರಾಳಿ ಎತ್ತಿ ಒಗೆದ. ಎಡ ಮೊಣಕಾಲು ಅಂದೇ ಹೋಯಿತು. ಅಂದಿನಿಂದ ಅವರು ಕಲಿಸುವ ಮೊದಲ ಪಾಠ, ಕೊನೆಯ ಪಾಠ ಒಂದೇ: ಹಿಮ್ಮಡಿ ಎತ್ತಬೇಡ. ಈಗ ಮುಂಜಾನೆ ಗರಡಿ; ಹೊತ್ತೇರಿದ ಮೇಲೆ ಹೈವೇ ಬದಿಯ ಢಾಬಾದಲ್ಲಿ ಲಾರಿ ಡ್ರೈವರುಗಳ ಹಿಡಿದುಕೊಂಡ ಬೆನ್ನಿಗೆ ಮಾಲೀಶು. ಗರಡಿಯಿಂದ ಒಂದು ಪೈಸೆ ಬರುವುದಿಲ್ಲ. ಬರುವುದೊಂದೇ, ಹೆಸರು. ಕಣದಲ್ಲಿ ಪೈಲವಾನನ ಹೆಸರು ಕೂಗುವಾಗ ಇಂಥ ವಸ್ತಾದರ ಪಠ್ಠಾ ಎಂದೇ ಕೂಗುತ್ತಾರೆ. ಪಠ್ಠಾ ಅಂದರೆ ಶಿಷ್ಯ, ಆದರೆ ಮಗನಿಗಿಂತ ಒಂದು ಕೈ ಮೇಲು.

ಇಲ್ಲಿಯೇ ಅವರ ಹೊಟ್ಟೆಗೆ ಕಿಚ್ಚು ಹತ್ತಿದ್ದು.

ಅಜಿತ ಅವರದೇ ಪಠ್ಠಾ. ಇದೇ ಮಣ್ಣಿನಲ್ಲಿ ಬಿದ್ದು ಎದ್ದವನು. ಎರಡು ವರ್ಷದ ಹಿಂದೆ ಹೈವೇ ಕಡೆಯ ಹೊಸ ಕಟ್ಟಡದ ಮಾಳಿಗೆಯಲ್ಲಿ ಜಿಮ್ ತೆರೆದ. ಗೋಡೆ ತುಂಬ ಕನ್ನಡಿ, ಎಸಿ, ಹಾಡು. ಗರಡಿಯ ಹುಡುಗರು ಒಬ್ಬೊಬ್ಬರೇ ಆ ಮೆಟ್ಟಿಲು ಹತ್ತಿದರು. ಲಕ್ಕಪ್ಪನವರು ತಡೆದುಕೊಂಡರು. ಆದರೆ ಉಮಾಶ್ರೀ ಜಿಲ್ಲೆಯ ಪಂದ್ಯದಲ್ಲಿ ಎರಡನೆಯವಳಾಗಿ ಬಂದ ವಾರವೇ ಹೈವೇ ಮೂಲೆಯಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಉಮಾಶ್ರೀ ಕೋಲು ಹಿಡಿದು ನಿಂತಿದ್ದಾಳೆ, ಪಕ್ಕದಲ್ಲಿ ಅಜಿತ ತೋಳು ಕಟ್ಟಿ ನಿಂತಿದ್ದಾನೆ; ಕೆಳಗೆ 'ನಮ್ಮ ಜಿಮ್ಮಿನ ಹೆಮ್ಮೆ' ಎಂದಿದೆ. ಆಕೆ ಸಂಜೆ ಹೊತ್ತು ಅಲ್ಲಿಗೂ ಹೋಗುತ್ತಿದ್ದ ಸುದ್ದಿ ವಸ್ತಾದರಿಗೆ ತಿಳಿದದ್ದೇ ಆ ಫ್ಲೆಕ್ಸಿನಿಂದ.

ಅಂದು ಅವರು ಢಾಬಾಕ್ಕೆ ಸುತ್ತು ದಾರಿ ಹಿಡಿದು ಹೋದರು. ರಾತ್ರಿ ಊಟಕ್ಕೆ ಏಳಲಿಲ್ಲ.

"ಒಲಿ ಹಚ್ಚೂದ ಬ್ಯಾಡಾಗಿತ್ತರಿ ಆವತ್ತ," ಎಂದು ಹೆಂಡತಿ ಶಟ್ಟೆವ್ವ ಈಗಲೂ ಕಾಡುತ್ತಾರೆ. "ಇವರ ಹೊಟ್ಟಿ ಮ್ಯಾಲ ಹಂಚ ಇಟ್ಟಿದ್ದರ ಓಣಿ ಮಂದಿಗೆಲ್ಲಾ ರೊಟ್ಟಿ ಬೇಯತಿದ್ದುವು."

"ಸುಮ್ನ ಕುಂಡ್ರ," ಎನ್ನುತ್ತಾರೆ ಲಕ್ಕಪ್ಪನವರು. ಆದರೆ ಅಲ್ಲಗಳೆಯುವುದಿಲ್ಲ.

ಮಾರುತಿಗೆ ಎಣ್ಣೆ ಹಾಕುವಾಗಲೂ ಅವರ ಮನಸ್ಸು ಆ ಮಾಳಿಗೆಯ ಮೆಟ್ಟಿಲನ್ನೇ ಎಣಿಸುತ್ತಿತ್ತು. ಅಜಿತ ಆಕೆಗೆ ಏನು ಕಲಿಸುತ್ತಾನೆ? ಕೇಳಬಾರದೆಂದುಕೊಂಡೇ ಒಂದು ಮುಂಜಾನೆ ಕೇಳಿಬಿಟ್ಟರು.

"ಚೆಂಡು ಹೊಡದ ಮ್ಯಾಲ ಬಲಗಾಲ ಹಿಮ್ಮಡಿ ತಾನ ಏಳಬೇಕಂತ, ಕಾಕಾರ," ಎಂದಳು ಉಮಾಶ್ರೀ. "ಇಲ್ಲಂದ್ರ ಸೊಂಟ ಪೂರಾ ತಿರಗೂದಿಲ್ಲಂತ."

"ಹಿಮ್ಮಡಿ? ಯಾಂವ ಹೇಳಿದ? ನನ್ನ ಕಡೆ ಕಲತಾಂವ ಹೇಳಿದನಽ ಇದನ್ನ?"

ಮರುದಿನ ಅವರು ಮಾಡಿದ ಕೆಲಸವನ್ನು ಗರಡಿಯಲ್ಲಿ ಬೆಳೆದವರು ಮಾತ್ರ ಮಾಡಿಯಾರು. ಹೆಣ್ಣುಮಕ್ಕಳು ಇಳಿಯದ ಕುಸ್ತಿಯ ಮಣ್ಣಿಗೆ ಆಕೆಯನ್ನು ಇಳಿಸಿದರು. "ಮಾರುತಿ ನನ್ನ ಬೈಯಲಿ, ನಿನ್ನನ್ನಲ್ಲ" ಎಂದು ಕೈಮುಗಿದು, ಆಕೆಯ ಎರಡೂ ಪಾದಗಳನ್ನು ಕೆಮ್ಮಣ್ಣಿನಲ್ಲಿ ಕಾಲ ಗಿಣ್ಣಿನ ತನಕ ಹೂತು, ಮೇಲೆ ತುಳಿದು ಗಟ್ಟಿ ಮಾಡಿದರು. ಕೈಗೆ ದೊಡ್ಡ ಕರೇಲಾ ಕೊಟ್ಟರು. ಹೊಸ ಪೈಲವಾನರ ನಿಲುವು ಗಟ್ಟಿಯಾಗಲೆಂದು ಲಕ್ಕಪ್ಪನವರ ವಸ್ತಾದರು ಮಾಡುತ್ತಿದ್ದ ಕ್ರಮ ಅದು. ಕುಸ್ತಿಗೆ ಅದು ಸರಿ. ಆದರೆ ಗಾಲ್ಫಿನ ಹೊಡೆತದಲ್ಲಿ ಮೈಯೆಲ್ಲ ಗುರಿಯತ್ತ ತಿರುಗಬೇಕು. ಕಾಲು ನೆಲ ಬಿಡದಿದ್ದರೆ ಆ ತಿರುವನ್ನೆಲ್ಲ ನಡವೇ ನುಂಗಬೇಕು. ವಾರದೊಳಗೆ ಉಮಾಶ್ರೀಯ ನಡ ಹಿಡಿಯಿತು. ರಾಜ್ಯದ ಪಂದ್ಯಕ್ಕೆ ತಿಂಗಳಷ್ಟೇ ಉಳಿದಿತ್ತು.

ಆಕೆ ನಿಂತೇ ಹೇಳಿದಳು: "ಕಾಕಾರ, ನೀವು ಊರಂತೀರಿ, ಅಜಿತಣ್ಣ ಎತ್ತಂತಾನ. ಇಬ್ಬರ ಮಾತೂ ಮೈಯಾಗ ಕೂಡವಲ್ಲವು. ನಾಳಿಯಿಂದ ನಾ ಬರೂದಿಲ್ಲರಿ."

ಲಕ್ಕಪ್ಪನವರು ಗುದ್ದಲಿ ಎತ್ತಿಕೊಂಡು ಮಣ್ಣು ಅಗೆಯತೊಡಗಿದರು.

ಮೂರನೆಯ ಸಂಜೆ ಅವರು ಆ ಮೆಟ್ಟಿಲು ಹತ್ತಿದರು. ಜಗಳಕ್ಕೆಂದೇ ಹೋದದ್ದು, ಮರೆಮಾಚುವುದಿಲ್ಲ. ಅಜಿತ ಓಡಿಬಂದು ಕಾಲು ಮುಟ್ಟಿ, ಕುರ್ಚಿ ಎಳೆದ. ಮೂಲೆಯಲ್ಲಿ ಬಲೆ ಕಟ್ಟಿತ್ತು. ಅದರ ಮುಂದೆ ಉಮಾಶ್ರೀ ಹಗುರ ಕೋಲು ಹಿಡಿದು ನಿಂತಿದ್ದಳು. ಹೊಡೆದಳು. ಮೈ ಅರ್ಧಕ್ಕೇ ನಿಂತಿತು, ಮುಖ ಕಿವುಚಿದಳು.

"ನೋಡಿದ್ರಿ?" ಅಜಿತ ಸಣ್ಣ ದನಿಯಲ್ಲಿ ಅಂದ. "ಎಷ್ಟ್ ಹೇಳಿದ್ರೂ ಹಿಮ್ಮಡಿ ಏಳವಲ್ಲದು. ಕೇಳಿದರ 'ಕಾಕಾ ಬೈತಾರ' ಅಂತಾಳ. ವಸ್ತಾದರ, ಈಕಿ ಮೈಯಾಗ ನೀವ ಕುಂತೀರಿ. ನನ್ನ ಮಾತ ಎಲ್ಲಿ ನಡೀತೈತಿ?"

ಆ ಮಾತು ಕೇಳಿ ಲಕ್ಕಪ್ಪನವರ ಎದೆ ಉಬ್ಬಿತು. ಎಷ್ಟೋ ದಿನದ ಉರಿಯ ಮೇಲೆ ತಣ್ಣೀರು ಸುರಿದಂತಾಯಿತು. ಕನ್ನಡಿ ಇವನದು, ಯಂತ್ರ ಇವನದು, ಫ್ಲೆಕ್ಸ್ ಇವನದು. ಹಿಮ್ಮಡಿ ಮಾತ್ರ ನನ್ನದು! ಉಮಾಶ್ರೀ ಮತ್ತೆ ಹೊಡೆದಳು, ಮತ್ತೆ ನಡ ಹಿಡಿದುಕೊಂಡಳು. ಎದುರಿನ ಕನ್ನಡಿಯಲ್ಲಿ ಇಬ್ಬರೂ ಕಂಡರು: ನೋವಿಗೆ ಹಲ್ಲು ಕಚ್ಚಿದ ಹುಡುಗಿ, ಅವಳ ಹಿಂದೆ ಕುರ್ಚಿಯಲ್ಲಿ ಕುಳಿತು ಮೀಸೆಯಲ್ಲೇ ನಗುತ್ತಿರುವ ಮುದುಕ.

"ನನ್ನ ಮಾರಿ ನೋಡಿ ನನಗಽ ಹೇಸಿಗಿ ಬಂತರಿ," ಎನ್ನುತ್ತಾರೆ. "ಶಿವನ, ಇದು ನಾನಽ ಏನು ಅಂತ."

ಎದ್ದು ಆಕೆಯ ಹಿಂದೆ ಹೋಗಿ, ಕುಂಟುಗಾಲು ಮಡಚಿ ನೆಲಕ್ಕೆ ಕುಳಿತರು. ಬಲ ಹಿಮ್ಮಡಿಯ ಕೆಳಗೆ ಬೆರಳು ತೂರಿದರು.

"ಎತ್ತವ್ವಾ."

"ಕಾಕಾರ?"

"ಎತ್ತ ಅಂದ್ನಲ್ಲ. ಹಿಮ್ಮಡಿ ಎತ್ತು. ಇಲ್ಲಿ ನಿನ್ನ ಯಾರೂ ಒಗ್ಯಾಂಗಿಲ್ಲ."

ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಬಾರದ ಮಾತು. ಆಕೆ ಮೆಲ್ಲಗೆ ಕೋಲು ಬೀಸಿದಳು. ಹಿಮ್ಮಡಿ ಬೆರಳು ಬಿಟ್ಟು ಮೇಲೆದ್ದಿತು, ಸೊಂಟ ತಿರುಗಿತು, ಚೆಂಡು ಬಲೆಯ ನಡುವಿಗೇ ಹೋಗಿ ಬಡಿಯಿತು. ಅಜಿತ ಚಪ್ಪಾಳೆ ತಟ್ಟಲು ಹೋದವನು, ವಸ್ತಾದರ ಮುಖ ನೋಡಿ ಕೈ ಇಳಿಸಿದ.

ಆ ದಿನದಿಂದ ನಡಕ್ಕೆ ಮಾಲೀಶು ಲಕ್ಕಪ್ಪನವರದು, ತಿರುವಿನ ಪಾಠ ಅಜಿತನದು. ರಾಜ್ಯದ ಪಂದ್ಯದಲ್ಲಿ ಉಮಾಶ್ರೀ ಏಳನೆಯವಳಾಗಿ ಬಂದಳು. ಮುಂಜಾನೆಯ ಕರೇಲಾ ಬಿಟ್ಟಿಲ್ಲ; ಕಾಲು ಹೂಳುವುದೊಂದು ನಿಂತಿದೆ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ ವಸ್ತಾದರು ಗುದ್ದಲಿಗೆ ಗದ್ದ ಊರಿ ಯೋಚಿಸುತ್ತಾರೆ.

"ಎಲ್ಲಿ ಹೋಗತೈತ್ರಿ? ಆಕಿ ಸಂಜಿಕೆ ಅತ್ತಾಗ ಹೊಂಟ್ರ ಈಗಲೂ ಇಲ್ಲಿ ಚುರ್ ಅಂತೈತಿ. ಮಾರುತಿಗೆ ಒಂದಽ ಬೇಡಕೋತೇನಿ, ಈಕಿ ಇನ್ನೂ ದೂರ ಹೋಗಲಿ. ದಿಲ್ಲಿಗೆ ಹೋಗಲಿ. ಅಲ್ಲಿ ಯಾಂವರ ಒಬ್ಬ ದೊಡ್ಡ ಕೋಚ್ ಸಿಗತಾನ, ಈಕಿ ನನ್ನ ಹುಡುಗಿ ಅಂತ ಪೇಪರಿಗೆ ಹೇಳತಾನ. ಆವಾಗ ನಾನೂ ಅಜಿತಾನೂ ಈ ಕಟ್ಟಿ ಮ್ಯಾಲ ಬಾಜೂಕ ಬಾಜೂ ಕುಂತು, ಕೂಡೇ ಉರಕೋತೇವಿ."